ವಿದ್ಯೆಯ ಮುಕ್ತದ್ವಾರ

‘ಮುಕ್ತ ಶಿಕ್ಷಣ’ ಎಂಬ ಮಾತು ಈಗ ಯಾರಿಗೂ ಹೊಸದಲ್ಲ. ಮುಕ್ತ ವಿಶ್ವವಿದ್ಯಾನಿಲಯವೆನ್ನುತ್ತೇವೆ, ಮುಕ್ತ ಪಾಠವೆನ್ನುತ್ತೇವೆ. ಅಂಗೈಯಗಲದ ಫೋನಿನಲ್ಲಿ ಯಾರು ಬೇಕಾದರೂ ಕೇಳಬಹುದಾದ ಉಪನ್ಯಾಸಗಳಿಗೂ ಅದೇ ವಿಶೇಷಣ. ಇದು ಇಂಗ್ಲಿಷಿನಿಂದ ಬಂದ ಮಾತಿನ ಅನುವಾದ ಎಂದು ತಿಳಿದವರು ಹೇಳುತ್ತಾರೆ. ಹೆಸರಿನ ಮಟ್ಟಿಗೆ ಅದು ನಿಜವೇ. ಆದರೆ ಆ ಅನುವಾದ ಹುಟ್ಟುವುದಕ್ಕೆ ಬಹಳ ಮೊದಲೇ ‘ಮುಕ್ತದ್ವಾರ’ ಎಂಬ ಮಾತು ನಮ್ಮ ಜನರ ಬಾಯಲ್ಲಿತ್ತು. ಜಾತ್ರೆಯಲ್ಲೋ ಪರ್ವಕಾಲದಲ್ಲೋ ಅನ್ನಸಂತರ್ಪಣೆ ನಡೆದಾಗ ‘ಈ ಹೊತ್ತು ಮುಕ್ತದ್ವಾರ’ ಎನ್ನುತ್ತಿದ್ದರು. ಎಂದರೆ, ಬಂದವರಿಗೆಲ್ಲ ಊಟ. ಕರೆದಿದ್ದರೆ, ಕರೆದಿಲ್ಲವೆ ಎಂಬ ವಿಚಾರಣೆಯಿಲ್ಲ. ಬಾಗಿಲಿನ ಒಳಗೆ ಪಂಕ್ತಿಗಳು ಬೇರೆ ಬೇರೆಯಾಗಿದ್ದುವೆಂಬುದೂ ಅಷ್ಟೇ ನಿಜ. ಹೊರಗಿನಿಂದ ತೆರೆದಂತೆ ಕಾಣುವ ಬಾಗಿಲು ಒಳಗೆ ಎಷ್ಟರಮಟ್ಟಿಗೆ ತೆರೆದಿದೆ ಎಂಬ ಪ್ರಶ್ನೆ ಆ ಮಾತಿನ ಜೊತೆಯಲ್ಲೇ ಹುಟ್ಟಿತೆನ್ನಬೇಕು.

ಕನ್ನಡದ ‘ತೆರೆ’ ಎಂಬ ಶಬ್ದವೂ ಇಲ್ಲಿ ವಿಚಾರಾರ್ಹವಾದುದು. ಕ್ರಿಯಾಪದವಾದಾಗ ಅದು ಬಾಗಿಲನ್ನು ಬಿಡಿಸುತ್ತದೆ. ನಾಮಪದವಾದಾಗ ಪರದೆಯಾಗಿ ಅಡ್ಡ ನಿಲ್ಲುತ್ತದೆ. ನಾಟಕದ ಕಂಪನಿಯಿಂದ ನಾಡಿಗೆಲ್ಲ ಹೆಸರಾದ ಗುಬ್ಬಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಮಗ್ಗುಲಲ್ಲಿ ‘ತೆರು’ ಎಂಬ ಇನ್ನೊಂದು ಧಾತುವಿದೆ. ತೆರಿಗೆ ಎಂಬುದು ಅದರ ಸಂತಾನ. ಇವೆರಡೂ ಬೇರೆ ಬೇರೆ ಧಾತುಗಳೆಂದು ಬಲ್ಲೆ. ಆದರೂ ನಮ್ಮ ಶಿಕ್ಷಣದ ಚರಿತ್ರೆಯನ್ನು ನೋಡುವಾಗ ಅವು ನನಗೆ ಜೊತೆಯಾಗಿಯೇ ನೆನಪಾಗುತ್ತವೆ. ವಿದ್ಯೆಯ ಬಾಗಿಲು ತೆರೆದ ಕಡೆಯಲ್ಲೆಲ್ಲ ಯಾರೋ ಒಬ್ಬರು ಅದರ ಬೆಲೆಯನ್ನು ತೆತ್ತಿದ್ದಾರೆ. ಆ ಬೆಲೆ ಯಾವುದು, ತೆತ್ತವರು ಯಾರು ಎಂಬುದನ್ನು ನಾನು ಪಾಠ ಹೇಳಿಕೊಂಡು ಬದುಕಿದ ಸೀಮೆಯಿಂದಲೇ, ಎಂದರೆ ತುಮಕೂರು, ಗುಬ್ಬಿ, ಕುಣಿಗಲು ಈ ಮೂರು ಊರುಗಳ ಸುತ್ತಿನಿಂದಲೇ, ನೋಡಬಹುದೆಂದು ತೋರುತ್ತದೆ.

ಮೊದಲು ಕುಣಿಗಲಿನ ಕಡೆಗೆ ಹೋಗೋಣ. ಆ ತಾಲ್ಲೂಕಿನ ಕಗ್ಗೆರೆಯಲ್ಲಿ, ನಾಗಿನಿ ಹೊಳೆಯ ದಡದ ತೋಟವೊಂದರಲ್ಲಿ ತಪಸ್ಸಿಗೆ ಕುಳಿತುದರಿಂದ ಸಿದ್ಧಲಿಂಗಯತಿಗಳಿಗೆ ‘ತೋಂಟದ’ ಎಂಬ ವಿಶೇಷಣ ಬಂದಿತೆಂದು ಪ್ರತೀತಿ. ಅವರ ಗದ್ದುಗೆ ಇರುವ ಎಡೆಯೂರೂ ಅದೇ ತಾಲ್ಲೂಕಿನದು. ಹದಿನೈದು, ಹದಿನಾರನೆಯ ಶತಮಾನಗಳ ಸಂಧಿಯಲ್ಲಿ ಅವರೂ ಅವರ ಶಿಷ್ಯಪರಂಪರೆಯವರೂ ಮಾಡಿದ ಕೆಲಸ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸುವಿದಿತವಾದುದು. ಕಲ್ಯಾಣದ ಕಾಲದ ವಚನಗಳು ಚೆದುರಿಹೋಗಿದ್ದಾಗ ಅವನ್ನು ಹುಡುಕಿ, ಓಲೆಗಳಲ್ಲಿ ಪ್ರತಿಮಾಡಿ, ಸ್ಥಲಕ್ಕೆ ತಕ್ಕಂತೆ ಜೋಡಿಸಿ, ಟೀಕೆ ಬರೆದು ಉಳಿಸಿದವರು ಇಂಥವರು. ಸ್ವತಃ ಸಿದ್ಧಲಿಂಗರೇ ೭೦೧ ವಚನಗಳನ್ನು ರಚಿಸಿದರು. ಈ ಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರ ಕೈಯಲ್ಲಿ ‘ಶೂನ್ಯಸಂಪಾದನೆ’ ತನ್ನ ಕೊನೆಯ ರೂಪವನ್ನು ಪಡೆಯಿತು. ಗುಬ್ಬಿಯ ಮಲ್ಲಣಾರ್ಯ ‘ಭಾವಚಿಂತಾರತ್ನ’ವನ್ನು ಬರೆದುದೂ ಹದಿನಾರನೆಯ ಶತಮಾನದಲ್ಲೇ.

ಇದನ್ನು ಮುಕ್ತ ಶಿಕ್ಷಣವೆಂದು ಕರೆಯುವುದು ಅತಿಯಾದೀತು. ಓಲೆಯನ್ನು ಓದಬಲ್ಲವರು ಆಗ ಎಷ್ಟು ಮಂದಿ? ಆದರೂ ಇಲ್ಲಿ ಒಂದು ತೆರೆ ಸರಿದಿತ್ತು. ತತ್ತ್ವವನ್ನು ತಿಳಿಯಬೇಕಾದರೆ ಮೊದಲು ದೇವಭಾಷೆಯನ್ನು ಕಲಿಯಬೇಕೆಂಬ ನಿಬಂಧನೆ ಹೋಗಿ, ಒಕ್ಕಲಿಗನೂ ನೇಕಾರನೂ ಕೇಳಿ ಅರ್ಥಮಾಡಿಕೊಳ್ಳಬಹುದಾದ ನುಡಿಯಲ್ಲಿ ಅದು ದೊರೆಯುವಂತಾಯಿತು. ಅಗ್ರಹಾರದ ವಿದ್ಯೆಗೆ ಭೂಮಿಯ ದತ್ತಿ ಬೇಕಾಗಿತ್ತು, ಅದನ್ನು ಪಡೆಯಲು ಒಂದು ಹುಟ್ಟು ಬೇಕಾಗಿತ್ತು. ವಿರಕ್ತರ ವಿದ್ಯೆ ಕಾಲ್ನಡೆಯಲ್ಲಿ ಊರಿಂದ ಊರಿಗೆ ಹೋಗುತ್ತಿತ್ತು. ಅದಕ್ಕೆ ತೆತ್ತ ಬೆಲೆ ದೇಹದ ಶ್ರಮ: ಓಲೆ ಕೊರೆದ ಬೆರಳುಗಳದು, ದಾರಿ ಸವೆಸಿದ ಕಾಲುಗಳದು.

ಅಕ್ಷರದ ಬಾಗಿಲಾದರೋ ಇನ್ನೂ ಮುಚ್ಚಿಯೇ ಇತ್ತು. ನಮ್ಮ ಅಜ್ಜಂದಿರ ಕಾಲದವರೆಗೂ ಹಳ್ಳಿಗಳಲ್ಲಿ ಇದ್ದುದು ಕೂಲಿಮಠ. ಅಯ್ಯನವರ ಮುಂದೆ ಮರಳು ಹರವಿ, ಬೆರಳಿನಿಂದ ಅಕ್ಷರ ತಿದ್ದಿ, ಕಾಗುಣಿತ, ಮಗ್ಗಿ, ಅಮರ, ಜೈಮಿನಿ ಎಂದು ಬಾಯಿಪಾಠ ಮಾಡುವ ಕ್ರಮ. ಮೇಷ್ಟರ ಜೀವನ ಮಕ್ಕಳ ಮನೆಯಿಂದ ಬರುವ ಧಾನ್ಯದಿಂದ, ಪುಡಿಗಾಸಿನಿಂದ ನಡೆಯಬೇಕು. ಕೂಲಿ ಕೊಡಬಲ್ಲವನ ಮಗನಿಗೆ ಮಠ. ಕೊಡಲಾರದವನ ಮಗನೂ, ಕೊಡಬಲ್ಲವನೇ ಆದರೂ ಜಗಲಿ ಹತ್ತುವಂತಿಲ್ಲದವನ ಮಗನೂ, ಎಲ್ಲರ ಮನೆಯ ಹೆಣ್ಣುಮಕ್ಕಳೂ ಹೊರಗೆ. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು: ಮಠವೆಂಬ ಒಂದೇ ಮಾತು ನಮ್ಮಲ್ಲಿ ಸ್ವಾಮಿಗಳ ನೆಲೆಗೂ ಮಕ್ಕಳ ಶಾಲೆಗೂ ಸಲ್ಲುತ್ತಿತ್ತು. ಇದರ ಪ್ರಯೋಜನ ಮುಂದೆ ಕಾಣುತ್ತದೆ.

೧೮೩೦ರ ದಶಕದ ಕೊನೆಯ ಹೊತ್ತಿಗೆ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿದರು. ಅಲ್ಲಿದ್ದ ವಿಲಿಯಂ ಆರ್ಥರ್ ಎಂಬ ಪಾದ್ರಿ ೧೮೪೭ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ವೃತ್ತಾಂತದಲ್ಲಿ ಗುಬ್ಬಿಯ ಜೀವನದ ಚಿತ್ರವಿದೆ. ಮಿಷನ್ನಿನ ಶಾಲೆಗಳು ಹೊಸ ಬಗೆಯವು. ಅವುಗಳ ಉದ್ದೇಶ ಮತಪ್ರಚಾರವಾಗಿತ್ತೆಂಬುದನ್ನು ಅವರೂ ಮುಚ್ಚಿಡಲಿಲ್ಲ, ನಮ್ಮವರೂ ಮರೆಯಲಿಲ್ಲ. ಆದರೆ ಅಚ್ಚಿನ ಪುಸ್ತಕವನ್ನು ಮಗುವಿನ ಕೈಗೆ ಕೊಡಬಹುದೆಂಬ ತಿಳಿವಳಿಕೆ ಇಂಥ ಶಾಲೆಗಳಿಂದ ಹರಡಿತು. ಅನಂತರ ಸರ್ಕಾರವೇ ಕೈಹಾಕಿತು. ಶಾಸನಗಳ ಸಂಗ್ರಹದಿಂದ ನಮಗೆಲ್ಲ ಪೂಜ್ಯರಾದ ಬಿ. ಎಲ್. ರೈಸ್ ವಿದ್ಯಾ ಇಲಾಖೆಯಲ್ಲಿದ್ದಾಗ, ೧೮೬೮ರಲ್ಲಿ, ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮುಂದಿಟ್ಟರು. ೧೯೧೩ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಹೀಗೆ ಶಾಲೆಯ ಬಾಗಿಲು ಕಾಗದದ ಮೇಲೆ ಬಹುಮಟ್ಟಿಗೆ ತೆರೆಯಿತು.

ಕಾಗದದ ಮೇಲೆ ತೆರೆದುದು ನೆಲದ ಮೇಲೆ ತೆರೆಯದಿರುವುದಕ್ಕೆ ಕಾರಣ ಬಹಳ ಸರಳವಾದುದು. ಪ್ರಾಥಮಿಕ ಶಾಲೆ ಹೋಬಳಿಯಲ್ಲಿ, ಹೈಸ್ಕೂಲು ತುಮಕೂರಿನಲ್ಲಿ, ಕಾಲೇಜು ಬೆಂಗಳೂರಿನಲ್ಲೋ ಮೈಸೂರಿನಲ್ಲೋ. ಹಳ್ಳಿಯ ಹುಡುಗ ಓದು ಮುಂದುವರಿಸಬೇಕಾದರೆ ಫೀಜಿಗಿಂತ ಮೊದಲು ಅವನಿಗೆ ಬೇಕಾದುದು ಎರಡು ಹೊತ್ತಿನ ಊಟ, ಮಲಗುವುದಕ್ಕೆ ಆರಡಿ ಜಾಗ, ಓದುವುದಕ್ಕೆ ಒಂದು ದೀಪ. ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಏರ್ಪಾಡಿತ್ತು. ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು, ಆ ಸಂಕೋಚವನ್ನು ನುಂಗಿ ಓದಿದವರ ಸಂಖ್ಯೆ ಸಣ್ಣದಲ್ಲ. ಉಳಿದವರಿಗೆ ಅದೂ ಇರಲಿಲ್ಲ. ಈ ತೊಡಕನ್ನು ಕಂಡವರಲ್ಲಿ ಗುಬ್ಬಿಯ ತೋಟದಪ್ಪನವರು ಪ್ರಮುಖರು.

ತೋಟದಪ್ಪನವರು ೧೮೩೮ರಲ್ಲಿ ಗುಬ್ಬಿಯಲ್ಲಿ ಹುಟ್ಟಿದರು. ಅವರ ಕುಟುಂಬ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿತು. ೧೮೮೪ರಲ್ಲಿ ರೈಲುದಾರಿ ತುಮಕೂರು, ಗುಬ್ಬಿಗಳನ್ನು ಬೆಂಗಳೂರಿಗೆ ಸೇರಿಸಿತ್ತು. ರೈಲಿಳಿದು ಬಂದ ಪರಸ್ಥಳದವರಿಗೆ ಪೇಟೆಯಲ್ಲಿ ತಂಗಲು ನೆಲೆಯಿಲ್ಲದ ಕಷ್ಟವನ್ನು ಅವರು ಕಂಡಿರಲೇಬೇಕು. ಮಕ್ಕಳಿಲ್ಲದ ಆ ಗೃಹಸ್ಥರು ತಮ್ಮ ಆಸ್ತಿಯನ್ನು ಧರ್ಮಕ್ಕೆ ಬಿಟ್ಟು, ಬೆಂಗಳೂರಿನ ರೈಲ್ವೆ ನಿಲ್ದಾಣದ ಹತ್ತಿರ ಛತ್ರವನ್ನು ಕಟ್ಟಿಸಿದರು. ೧೯೦೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಅವರಿಂದಲೇ ತೋಟದಪ್ಪನವರಿಗೆ ‘ಧರ್ಮಪ್ರವರ್ತ’ ಎಂಬ ಬಿರುದೂ ಬಂದಿತು. ಛತ್ರ ಪ್ರಯಾಣಿಕರಿಗೆ, ಅದರ ಜೊತೆಯಲ್ಲಿ ಓದುವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ. ೧೯೧೦ರಲ್ಲಿ ಅವರು ತೀರಿಕೊಂಡರು. ಧರ್ಮಸಂಸ್ಥೆ ನಡೆದುಕೊಂಡು ಬಂದಿತು.

ಆ ವಿದ್ಯಾರ್ಥಿನಿಲಯ ವೀರಶೈವ ಹುಡುಗರಿಗಾಗಿ ಇದ್ದುದು. ಅದೇ ಕಾಲದಲ್ಲಿ, ೧೯೦೫ರಲ್ಲಿ, ಮೈಸೂರು ಲಿಂಗಾಯತ ವಿದ್ಯಾನಿಧಿ ಸಂಘ ಹುಟ್ಟಿತು. ೧೯೦೬ರಲ್ಲಿ ಒಕ್ಕಲಿಗರ ಸಂಘ. ಒಂದೊಂದು ಸಮಾಜವೂ ತನ್ನ ಮಕ್ಕಳಿಗೆ ತನ್ನ ನಿಲಯವನ್ನು ಕಟ್ಟಿಕೊಳ್ಳಲು ತೊಡಗಿತು. ಇದನ್ನು ಜಾತಿಯ ಸಂಕುಚಿತತೆಯೆಂದು ಇಂದು ಸುಲಭವಾಗಿ ಆಕ್ಷೇಪಿಸಬಹುದು. ಆ ಆಕ್ಷೇಪಣೆಯಲ್ಲಿ ಸತ್ಯಾಂಶವೂ ಉಂಟು. ಯಾವ ಸಮಾಜದಲ್ಲಿ ತೋಟದಪ್ಪನವರಂಥ ಶ್ರೀಮಂತರಿರಲಿಲ್ಲವೋ ಆ ಸಮಾಜದ ಹುಡುಗ ಎಲ್ಲ ಬಾಗಿಲುಗಳ ಹೊರಗೂ ನಿಂತಿದ್ದ. ಆದರೆ ಚರಿತ್ರೆ ನಮ್ಮ ಇಚ್ಛೆಯಂತೆ ಒಮ್ಮೆಗೇ ಹೆಬ್ಬಾಗಿಲನ್ನು ತೆರೆಯುವುದಿಲ್ಲ. ನಮ್ಮ ನಾಡಿನಲ್ಲಿ ಶಿಕ್ಷಣದ ಮುಕ್ತತೆ ಕಿರುಬಾಗಿಲುಗಳಿಂದಲೇ ಆರಂಭವಾಯಿತು. ಆ ಬಾಗಿಲಿನಿಂದ ಒಳಗೆ ಹೋದವನು ಹೊರಗೆ ಬಂದು ಮಾಡಿದುದೇನು ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಇದಕ್ಕೆ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. ಮಾಗಡಿ ಸೀಮೆಯ ವೀರಾಪುರದಲ್ಲಿ ೧೯೦೭ರಲ್ಲಿ ಹುಟ್ಟಿದ ಹುಡುಗನೊಬ್ಬ ತುಮಕೂರಿನ ಹತ್ತಿರದ ನಾಗವಲ್ಲಿಯಲ್ಲಿ ಓದಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದ. ಅಲ್ಲಿ ಅವನಿಗೆ ನೆಲೆ ಕೊಟ್ಟುದು ತೋಟದಪ್ಪನವರ ಛತ್ರದ ವಿದ್ಯಾರ್ಥಿನಿಲಯ. ೧೯೩೦ರಲ್ಲಿ ಆ ತರುಣ ಸಿದ್ಧಗಂಗೆಯ ಉದ್ಧಾನ ಶಿವಯೋಗಿಗಳಿಂದ ದೀಕ್ಷೆ ಪಡೆದು ಶಿವಕುಮಾರ ಸ್ವಾಮಿಗಳಾದರು. ೧೯೪೧ರಲ್ಲಿ ಮಠದ ಹೊಣೆ ಅವರ ಮೇಲೆ ಬಿದ್ದಿತು.

ಸಿದ್ಧಗಂಗೆಯಲ್ಲಿ ೧೯೧೭ರಿಂದಲೇ ಸಂಸ್ಕೃತ ಪಾಠಶಾಲೆಯಿತ್ತು. ಮಠದಲ್ಲಿ ಅನ್ನ ಹಾಕುವುದೂ ಹಳೆಯ ರೂಢಿ. ಶಿವಕುಮಾರ ಸ್ವಾಮಿಗಳು ಇವೆರಡನ್ನೂ ಕೂಡಿಸಿ, ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನು ಒಂದೇ ದಾಸೋಹವಾಗಿ ಮಾಡಿದರು. ಮುಖ್ಯವಾದುದು ಮುಂದಿನದು: ಜಾತಿಯನ್ನಾಗಲಿ ಮತವನ್ನಾಗಲಿ ಕೇಳದೆ ಮಕ್ಕಳನ್ನು ಸೇರಿಸಿಕೊಂಡರು. ತಮ್ಮ ಸಮಾಜದ ಹುಡುಗರಿಗೆ ಮೀಸಲಾದ ನಿಲಯದಲ್ಲಿ ಉಂಡು ಓದಿದವರು ಎಲ್ಲ ಸಮಾಜಗಳ ಮಕ್ಕಳಿಗೂ ಎಲೆ ಹಾಕಿದರು. ಅವರ ಕೊನೆಯ ವರ್ಷಗಳಲ್ಲಿ ಅಲ್ಲಿ ಉಂಡು ಓದುತ್ತಿದ್ದ ಮಕ್ಕಳ ಸಂಖ್ಯೆ ಸುಮಾರು ೧೦,೦೦೦. ಮಠವೆಂಬ ಮಾತಿನ ಎರಡು ಅರ್ಥಗಳು ಇಲ್ಲಿ ಮತ್ತೆ ಒಂದಾದುವು; ಕೂಲಿ ಮಾತ್ರ ಬಿಟ್ಟುಹೋಯಿತು.

ಕೂಲಿಯನ್ನು ಮಕ್ಕಳು ಕೊಡಲಿಲ್ಲವಷ್ಟೆ. ಹಾಗಾದರೆ ತೆತ್ತವರು ಯಾರು? ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಸುತ್ತಿನ ತಾಲ್ಲೂಕುಗಳ ರೈತರು ಕೊಯ್ಲಾದಾಗ ಗಾಡಿಯಲ್ಲಿ ರಾಗಿ, ಭತ್ತ, ಬೆಲ್ಲ, ತೆಂಗಿನಕಾಯಿ ತಂದು ಸುರಿದರು. ಅವರಲ್ಲಿ ಬಹಳ ಮಂದಿ ತಾವು ಅಕ್ಷರ ಕಾಣದವರು. ಅವರೆಲ್ಲರ ಮಕ್ಕಳೂ ಅಲ್ಲಿ ಓದುತ್ತಿದ್ದವರೇನಲ್ಲ. ಯಾರದೋ ಮಕ್ಕಳ ಓದಿಗೆ ಓದದವರು ತೆತ್ತ ಈ ತೆರಿಗೆ ಯಾವ ಸರ್ಕಾರದ ಲೆಕ್ಕದಲ್ಲೂ ಬಂದಿಲ್ಲ. ದಾನ ಮಾಡುವವನ ಕೈ ಮೇಲಿರುತ್ತದೆ. ದಾಸೋಹವೆಂಬ ಮಾತಿನಲ್ಲಿ ಕೊಡುವವನೇ ದಾಸ. ಆ ನಯದಿಂದಾಗಿ ಉಣ್ಣುವ ಮಗುವಿಗೆ ವಾರಾನ್ನದ ಸಂಕೋಚವಿರಲಿಲ್ಲ. ೨೦೦೨ರಲ್ಲಿ ಕರ್ನಾಟಕ ಸರ್ಕಾರ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಹೆಸರಿಟ್ಟವರು ಈ ನೆಲದ ಶಿಕ್ಷಣದ ಚರಿತ್ರೆಯನ್ನು ಬಲ್ಲವರೇ ಇರಬೇಕು. ಸ್ವಾಮಿಗಳು ೨೦೧೯ರ ಜನವರಿ ೨೧ರಂದು ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು.

ಆದರೆ ಊಟ, ವಸತಿಗಳಿಂದ ತೀರದ ತೊಡಕೂ ಒಂದಿದೆ. ವಿದ್ಯಾರ್ಥಿನಿಲಯಗಳ ಈ ಕಥೆಯೆಲ್ಲ ಬಹುಮಟ್ಟಿಗೆ ಗಂಡುಹುಡುಗರ ಕಥೆ. ಮನೆಬಿಟ್ಟು ಹೊರಡಲಾಗದವರು ಏನು ಮಾಡಬೇಕು? ಹದಿನಾರಕ್ಕೆ ಮದುವೆಯಾಗಿ ಹೋದ ಹುಡುಗಿ, ತಂದೆ ಸತ್ತು ನೊಗಕ್ಕೆ ಹೆಗಲು ಕೊಟ್ಟ ಹಿರಿಯ ಮಗ, ಹೊಟ್ಟೆಪಾಡಿಗೆ ಕೆಲಸ ಹಿಡಿದವನು, ಇವರಿಗೆ ಬಾಗಿಲು ತೆರೆದಿದ್ದೂ ತೆರೆಯದಂತೆಯೇ. ಅಲ್ಲಿಗೆ ಬರುವುದಕ್ಕೆ ಅವರಿಗೆ ಬಿಡುವಿಲ್ಲ. ವಿದ್ಯೆಯೇ ಅವರಿದ್ದಲ್ಲಿಗೆ ಹೋಗಬೇಕು.

ಈ ಯೋಚನೆ ಹೊರದೇಶಗಳಲ್ಲಿಯೂ ಹುಟ್ಟಿತ್ತು. ಲಂಡನ್ ವಿಶ್ವವಿದ್ಯಾನಿಲಯ ೧೮೫೮ರಲ್ಲೇ ತನ್ನ ಕಾಲೇಜುಗಳಲ್ಲಿ ಓದದವರಿಗೂ ಪರೀಕ್ಷೆಗೆ ಕೂಡಲು ಅವಕಾಶ ಕೊಟ್ಟಿತು. ಅದು ಪರೀಕ್ಷೆಯ ಬಾಗಿಲು. ಪಾಠದ ಬಾಗಿಲು ತೆರೆಯಲು ಇನ್ನೂ ನೂರು ವರ್ಷ ಬೇಕಾಯಿತು. ೧೯೬೩ರಲ್ಲಿ ಬ್ರಿಟನ್ನಿನ ಹೆರಾಲ್ಡ್ ವಿಲ್ಸನ್ ರೇಡಿಯೋ, ಟೆಲಿವಿಷನ್‌ಗಳ ಮೂಲಕ ಕಲಿಸುವ ‘ಗಾಳಿಯ ವಿಶ್ವವಿದ್ಯಾನಿಲಯ’ದ ಕಲ್ಪನೆಯನ್ನು ಮುಂದಿಟ್ಟರು. ಅದೇ ೧೯೬೯ರಲ್ಲಿ ಓಪನ್ ಯೂನಿವರ್ಸಿಟಿಯಾಗಿ ರೂಪುಗೊಂಡು, ೧೯೭೧ರಲ್ಲಿ ಪಾಠ ಆರಂಭಿಸಿತು. ಅದರ ಮೊದಲ ಕುಲಪತಿ ಲಾರ್ಡ್ ಕ್ರೌಥರ್ ತಮ್ಮ ಆರಂಭದ ಭಾಷಣದಲ್ಲಿ ಮುಕ್ತತೆಯನ್ನು ನಾಲ್ಕಾಗಿ ವಿಂಗಡಿಸಿದರು: ಜನರ ವಿಷಯದಲ್ಲಿ, ಸ್ಥಳದ ವಿಷಯದಲ್ಲಿ, ವಿಧಾನದ ವಿಷಯದಲ್ಲಿ, ವಿಚಾರಗಳ ವಿಷಯದಲ್ಲಿ. ಬಾನುಲಿಯ ಮೂಲಕ ಮಾತನಾಡುತ್ತಿರುವ ನಾನು ಇಲ್ಲಿ ನಮ್ಮ ಮೈಸೂರನ್ನು ನೆನೆಯದಿರಲಾರೆ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ಬಂದುದು ಅಲ್ಲಿಂದ. ಅವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಗಾಳಿಯಲ್ಲಿ ವಿದ್ಯೆಯನ್ನು ತೇಲಿಬಿಡಬಹುದೆಂಬುದು ಒಬ್ಬ ಮೇಷ್ಟರಿಗೇ ಹೊಳೆದಿತ್ತು.

ಮೈಸೂರು ವಿಶ್ವವಿದ್ಯಾನಿಲಯ ೧೯೬೯ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ೧೯೯೬ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಪಾಠಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದುವು. ಕೆಲವು ದಿನ ಮಾತ್ರ ಸಂಪರ್ಕ ತರಗತಿ. ಅಂಥ ತರಗತಿಗಳಲ್ಲಿ ನಾನು ಕೆಲವು ವರ್ಷ ಕನ್ನಡ ಪಾಠ ಹೇಳಿದ್ದೇನೆ. ಒಮ್ಮೆ ಕುಣಿಗಲಿನ ಕಡೆಯ ಬಸ್ ಕಂಡಕ್ಟರರೊಬ್ಬರು ತರಗತಿ ಮುಗಿದ ಮೇಲೆ ನಿಂತರು. ನೈಟ್ ಹಾಲ್ಟ್ ಬಸ್ಸಿನಲ್ಲಿ, ಯಾವುದೋ ಹಳ್ಳಿಯ ಕೊನೆಯ ನಿಲ್ದಾಣದಲ್ಲಿ, ಬಸ್ಸಿನ ದೀಪ ಹಾಕಿಕೊಂಡು ಎಂ.ಎ.ಗೆ ಓದುತ್ತಿದ್ದವರು. ‘ಸಾರ್, ಪಂಪನ ಪದ್ಯದ ಅರ್ಥ ಪುಸ್ತಕದಲ್ಲಿದೆ, ಅದನ್ನು ನಾನೇ ನೋಡಿಕೊಳ್ಳುತ್ತೇನೆ. ನೀವು ಒಂದು ಸಲ ಗಟ್ಟಿಯಾಗಿ ಓದಿಬಿಡಿ. ಎಲ್ಲಿ ಬಿಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ತಿಳಿಯುತ್ತಿಲ್ಲ’ ಎಂದರು. ಹಳಗನ್ನಡದ ಕಂದವನ್ನೋ ವೃತ್ತವನ್ನೋ ಒಬ್ಬರೇ ಎದುರಿಸಿದವರಿಗೆ ಈ ಕಷ್ಟ ಗೊತ್ತು. ಸಂಧಿಗಳೆಲ್ಲ ಸೇರಿ ಪದ್ಯ ಒಂದೇ ಗೋಡೆಯಂತೆ ನಿಂತಿರುತ್ತದೆ. ಬಲ್ಲವರೊಬ್ಬರು ಓದಿದರೆ ಅದರಲ್ಲಿ ಬಾಗಿಲುಗಳು ಕಾಣಿಸುತ್ತವೆ. ನಾನು ಓದಿದೆ; ಅವರು ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳುತ್ತ ಹೋದರು. ಹತ್ತೇ ಪದ್ಯ; ಮುಂದಿನದನ್ನು ಅವರೇ ಬಿಡಿಸತೊಡಗಿದರು.

ಪಾಠ ಮನೆಗೆ ತಲುಪಿದರೂ ಅದರ ಜೊತೆ ಒಂದು ಕಂಠ ತಲುಪದಿದ್ದರೆ ಬಾಗಿಲು ಅರ್ಧ ಮಾತ್ರ ತೆರೆದಂತೆ ಎಂಬುದನ್ನು ಅಂಥವರು ನನಗೆ ತಿಳಿಸಿಕೊಟ್ಟರು. ಗುಬ್ಬಿಯ ಕಡೆಯಿಂದ ಕಂಕುಳ ಕೂಸಿನೊಡನೆ ತರಗತಿಗೆ ಬರುತ್ತಿದ್ದ ತಾಯಂದಿರಿಗೂ ಬೇಕಾಗಿದ್ದುದು ಅದೇ: ಕೇಳಿದರೆ ಉತ್ತರ ಕೊಡುವವರು, ತಪ್ಪಿದರೆ ತಿದ್ದುವವರು.

ಮುಕ್ತತೆಗೆ ಇನ್ನೊಂದು ಅಪಾಯವೂ ಉಂಟು. ಅದು ಹಿಗ್ಗುತ್ತ ಹೋಗುವ ಆಸೆ. ನಮ್ಮ ಮುಕ್ತ ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿಯಿದೆ. ರಾಜ್ಯದ ಎಲ್ಲೆಯಾಚೆಗೂ ಶಿಕ್ಷಣವನ್ನು ಒಯ್ದುದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಆಕ್ಷೇಪಣೆಗೆ ಗುರಿಯಾಗಿ, ೨೦೧೩-೧೪ರಿಂದ ಕೆಲವು ವರ್ಷ ಅದಕ್ಕೆ ಮಾನ್ಯತೆಯಿರಲಿಲ್ಲ. ೨೦೧೮ರಲ್ಲಿ ಮಾನ್ಯತೆ ಮರಳಿತು. ನಡುವಿನ ವರ್ಷಗಳಲ್ಲಿ ಪದವಿಪತ್ರ ಹಿಡಿದು ನಿಂತವರ ಸಂಕಟವನ್ನು ಊಹಿಸಿಕೊಳ್ಳಬೇಕು. ಅವರು ಕಾಲೇಜು ಬಿಟ್ಟು ಅಲೆದವರಲ್ಲ. ಕೆಲಸ ಮುಗಿಸಿ ರಾತ್ರಿ ನಿದ್ದೆಗೆಟ್ಟು ಓದಿದವರು. ತೆರೆದ ಬಾಗಿಲಿಗೂ ಒಂದು ಹೊ‌ಸ್ತಿಲು ಬೇಕು, ಅದನ್ನು ಕಾಯುವವರೂ ಬೇಕು. ಹಾಗೆ ಕಾಯುವುದೆಂದರೆ ಬರುವವರನ್ನು ತಡೆಯುವುದಲ್ಲ. ಒಳಗೆ ಕೊಡುವುದು ಹೊರಗೆ ಸಲ್ಲುವಂತೆ ನೋಡಿಕೊಳ್ಳುವುದು.

ಈಗ ಪಾಠಗಳು ಫೋನಿನಲ್ಲಿ ಬರುತ್ತವೆ. ೨೦೨೦ರಲ್ಲಿ ಮಹಾಮಾರಿ ಶಾಲೆಗಳನ್ನು ಮುಚ್ಚಿಸಿದಾಗ ಇನ್ನು ಮುಂದೆ ಶಾಲೆಯ ಕಟ್ಟಡವೇ ಬೇಡವೆಂದು ಕೆಲವರು ಹೇಳಿದರು. ಫೋನಿಲ್ಲದ ಮನೆಯ ಮಗು ಎಲ್ಲಿಗೆ ಹೋಗಬೇಕೆಂಬುದನ್ನು ಅವರು ಹೇಳಲಿಲ್ಲ. ಆ ವರ್ಷ ಕರ್ನಾಟಕ ಸರ್ಕಾರ ‘ವಿದ್ಯಾಗಮ’ವೆಂಬ ಏರ್ಪಾಡನ್ನು ಮಾಡಿ, ಮೇಷ್ಟರುಗಳನ್ನೇ ಮಕ್ಕಳಿದ್ದಲ್ಲಿಗೆ ಕಳಿಸಿತು; ಗುಡಿಯ ಜಗಲಿಯಲ್ಲಿ, ಅರಳಿಕಟ್ಟೆಯ ನೆರಳಿನಲ್ಲಿ ಪಾಠ ನಡೆಯಿತು. ಸೋಂಕಿನ ಭಯದಿಂದ ಅದನ್ನು ನಡುವೆ ನಿಲ್ಲಿಸಬೇಕಾಗಿ ಬಂದಿತು. ಆದರೂ ಇಷ್ಟೊಂದು ಯಂತ್ರಗಳಿರುವ ಕಾಲದಲ್ಲಿ, ಕಷ್ಟ ಬಂದಾಗ ನಮಗೆ ನೆನಪಾದುದು ವಿರಕ್ತರ ಕಾಲ್ನಡೆಯ ಕ್ರಮವೇ.

ಹೀಗೆ ನೋಡಿದರೆ ಮುಕ್ತತೆಯೆಂಬುದು ಬಾಗಿಲಿನ ಗುಣಕ್ಕಿಂತ ಹೆಚ್ಚಾಗಿ ಬಾಗಿಲಿನ ಒಳಗಿರುವವರ ಗುಣ. ಯಾವ ಸಂಸ್ಥೆಯಾಗಲಿ, ಯಾವ ಯಂತ್ರವಾಗಲಿ ತಾನು ಎಲ್ಲರಿಗೂ ತೆರೆದಿದೆಯೆಂದು ಸಾರಿದಾಗ ನಾವು ಎರಡು ಮಾತು ಕೇಳಬಹುದು. ಬರಲಾರದವನ ಪರವಾಗಿ ಅಲ್ಲಿ ಯಾರು ತೆರುತ್ತಿದ್ದಾರೆ? ಬಂದವನಿಗೆ ಓದಿ ಹೇಳುವವರು ಯಾರು? ಮೊದಲನೆಯದಕ್ಕೆ ಸರ್ಕಾರಗಳೂ ಮಠಗಳೂ ಧರ್ಮಸಂಸ್ಥೆಗಳೂ ಉತ್ತರ ಕೊಡಬೇಕು. ಎರಡನೆಯದಕ್ಕೆ ಪೇಟೆಗಳಲ್ಲಿರುವ ಓದುಬಲ್ಲ ನಾವೂ ಉತ್ತರ ಕೊಡಬಹುದು. ನಮ್ಮ ಊರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳಿವೆ, ಅಲ್ಲಿ ಪರೀಕ್ಷೆಗೆ ಓದುವ ಹಳ್ಳಿಯ ಹುಡುಗ ಹುಡುಗಿಯರಿದ್ದಾರೆ. ನಿವೃತ್ತರಾದ ಮೇಷ್ಟರುಗಳಿಗಂತೂ ಭಾನುವಾರವೊಂದೇ ಅಲ್ಲ, ವಾರವೆಲ್ಲ ಬಿಡುವು. ಒಂದು ಗಂಟೆ ಅಲ್ಲಿ ಹೋಗಿ ಕುಳಿತು, ಕೇಳಿದವರಿಗೆ ಹತ್ತು ಪದ್ಯಗಳನ್ನು ಗಟ್ಟಿಯಾಗಿ ಓದಿ ಬಿಡಿಸಿಕೊಟ್ಟರೆ ಅದಕ್ಕೆ ತಗಲುವ ವೆಚ್ಚ ಬಹಳ ಸ್ವಲ್ಪ.